ಒಂದೇ ಕೆರೆ, ಮೂರು ಹೊತ್ತು, ಮೂರು ಪರದೆ: ನಸುಕಿನ ಬೆಳಕನ್ನು ವಿಡಿಯೊದಲ್ಲಿ ಹಿಡಿಯೋದು ಹೇಗೆ?

ನಸುಕಿನಕೆರೆ

ಬೆಂಗಳೂರಿನ ಹತ್ತಿರ ಹೆಸರಘಟ್ಟದ ಕಡೆ ಒಂದು ಕೆರೆಯಂಚು. ಎದುರಿಗೆ ಹುಲ್ಲುಗಾವಲು, ಎಡಕ್ಕೆ ಒಂದು ಬೋಳು ಬಂಡೆ, ದೂರದಲ್ಲಿ ನಾಲ್ಕಾರು ಜಾಲಿ ಮರ. ಕ್ಯಾಮೆರಾ ದಕ್ಷಿಣಕ್ಕೆ ಮುಖ ಮಾಡಿರತ್ತೆ, ಅಲುಗೋದಿಲ್ಲ. ಇದೇ ಚೌಕಟ್ಟನ್ನು ಮೂರು ಹೊತ್ತಲ್ಲಿ ಹಿಡಿದು ಮೂರು ಪರದೆ ಮೇಲೆ ಅಕ್ಕಪಕ್ಕ ತೋರಿಸಬೇಕು: ಮಂಜಿನ ನಸುಕು, ನಡುಹಗಲು, ಮುಸ್ಸಂಜೆ. ಮಾತಿಲ್ಲ, ಕಥೆಯಿಲ್ಲ. ಪಾತ್ರ ಅಂತ ಇದ್ರೆ ಬೆಳಕು ಒಂದೇ.

ಇರೋ ಸಾಮಾನು: 10 ಬಿಟ್ ರೆಕಾರ್ಡ್ ಮಾಡೋ ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ, 24–70 ಎಂಎಂ ಝೂಮ್ ಲೆನ್ಸ್, ವೇರಿಯಬಲ್ ಎನ್‌ಡಿ ಫಿಲ್ಟರ್ (ಲೆನ್ಸಿಗೆ ಹೋಗೋ ಬೆಳಕನ್ನ ಬೇಕಾದಷ್ಟು ತಗ್ಗಿಸೋ ಗಾಜು), ಮೂರು ರಾಸ್ಪ್‌ಬೆರಿ ಪೈ 4 (ವಿಡಿಯೊ ಓಡಿಸೋಕೆ ಪುಟ್ಟ ಕಂಪ್ಯೂಟರ್), ಬಾಡಿಗೆಗೆ ಸಿಗೋ 3000 ಲ್ಯೂಮೆನ್‌ನ ಮೂರು ಪ್ರೊಜೆಕ್ಟರ್. ತೋರಿಸೋ ಕೋಣೆ 9 ಮೀಟರ್ ಉದ್ದ, 6 ಮೀಟರ್ ಅಗಲ. ಒಂದು ಗಿಡ್ಡ ಗೋಡೆಯಲ್ಲಿ ಕಿಟಕಿ ಇದೆ.

ತೊಡಕು ಏನಪ್ಪಾ ಅಂದ್ರೆ, ಪ್ರಯೋಗಕ್ಕೆ ತೆಗೆದ ಟೈಮ್‌ಲ್ಯಾಪ್ಸ್ (ಬಿಡಿ ಚಿತ್ರಗಳನ್ನ ಪೋಣಿಸಿ ಹೊತ್ತನ್ನ ಓಡಿಸೋ ವಿಡಿಯೊ) ಮಿಣುಕು ಮಿಣುಕು ಅಂತ ಮಿನುಗತ್ತೆ. ಮಂಜಿನ ಆಕಾಶ ಪ್ರೊಜೆಕ್ಟರ್‌ನಲ್ಲಿ ಪಟ್ಟೆ ಪಟ್ಟೆಯಾಗಿ ಕಾಣತ್ತೆ, ಲ್ಯಾಪ್‌ಟಾಪಲ್ಲಿ ಸರಿಯಾಗಿಯೇ ಇದೆ. ಮೂರು ಪ್ರೊಜೆಕ್ಟರಲ್ಲಿ ಬಿಳಿ ಬಣ್ಣ ಮೂರು ಥರ. ಇನ್ನು ನಡುಹಗಲಿನ ದೃಶ್ಯವಂತೂ ಜೀವವಿಲ್ಲದ ಹಾಗಿದೆ, ಅದನ್ನ ಬಿಟ್ಟೇ ಬಿಡಲಾ ಅನ್ನೋ ಯೋಚನೆ. ಗೊತ್ತಿರೋರು ಬಿಡಿಸಿ ಹೇಳಿ.

ಬಂಡೆಮೇಲೆ

ಮಿನುಗಿನ ವಿಷಯ ಮೊದಲು ಮುಗಿಸೋಣ, ಅದು ಸುಲಭ. ಲೆನ್ಸನ್ನು ಎಫ್ 8ಕ್ಕೆ ಇಟ್ಟರೆ ಪ್ರತಿ ಕ್ಲಿಕ್ಕಿಗೂ ಅಪರ್ಚರಿನ (ಲೆನ್ಸೊಳಗೆ ಬೆಳಕು ಹಾಯುವ ಕಿಂಡಿ) ಎಸಳುಗಳು ಮುಚ್ಚಿ ತೆರೆಯುತ್ತವೆ. ಪ್ರತಿ ಸಲವೂ ಅದೇ ಜಾಗಕ್ಕೆ ಬಂದು ನಿಲ್ಲುವುದಿಲ್ಲ, ಕೂದಲೆಳೆಯಷ್ಟು ಹೆಚ್ಚುಕಡಿಮೆ. ಬಿಡಿ ಚಿತ್ರದಲ್ಲಿ ಅದು ಕಾಣದು. ಸೆಕೆಂಡಿಗೆ 25ರಂತೆ ಪೋಣಿಸಿದಾಗ ಮಿನುಗಾಗಿ ಎದ್ದು ಕಾಣುತ್ತದೆ. ಲೆನ್ಸನ್ನು ಪೂರ್ತಿ ತೆರೆದಿಟ್ಟು ಎನ್‌ಡಿ ಹಾಕಿ ತೆಗೆಯಿರಿ, ಇಲ್ಲವೇ ಅಪರ್ಚರ್ ಉಂಗುರವನ್ನು ಕೈಯಿಂದ ತಿರುಗಿಸುವ ಹಳೆಯ ಲೆನ್ಸ್ ಬಳಸಿ. ಉಳಿದ ಚೂರುಪಾರನ್ನು ಮಿನುಗು ತೆಗೆಯುವ ಡೀಫ್ಲಿಕರ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ. ಆಟೊ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ), ಆಟೊ ವೈಟ್ ಬ್ಯಾಲೆನ್ಸ್ (ಬಿಳಿಯನ್ನು ಬಿಳಿಯಾಗಿ ತೋರಿಸುವ ಹೊಂದಾಣಿಕೆ) ಆನ್ ಇದ್ದರೆ ಯಾವ ಸಾಫ್ಟ್‌ವೇರೂ ಕಾಯುವುದಿಲ್ಲ.

ಆದರೆ ಈ ಕೃತಿಗೆ ಟೈಮ್‌ಲ್ಯಾಪ್ಸ್ ಬೇಕೇ ಎಂಬುದೇ ನನ್ನ ತಕರಾರು. 3 ಗಂಟೆಯ ಬೆಳಗನ್ನು 5 ಸೆಕೆಂಡಿಗೊಂದರಂತೆ ತೆಗೆದರೆ 2160 ಚಿತ್ರ, ಅಂದರೆ 86 ಸೆಕೆಂಡಿನ ವಿಡಿಯೊ. ಅಷ್ಟರಲ್ಲಿ ಮೋಡ ದೌಡಾಯಿಸುತ್ತದೆ, ಮಂಜು ಹಾಲುಕ್ಕಿದ ಹಾಗೆ ಉಕ್ಕುತ್ತದೆ, ನೋಡುವವರು ಮೋಡವನ್ನು ನೋಡುತ್ತಾರೆ. ಬೆಳಕಿನ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಪಾತ್ರ ಬೆಳಕೊಂದೇ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಅದನ್ನು ಅದರ ನಡಿಗೆಯಲ್ಲೇ ಬಿಡಿ.

ನಮ್ಮ ಊರಿನ ಲೆಕ್ಕ ನೋಡಿ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಸೂರ್ಯ ಇಲ್ಲಿ ದಿಗಂತದಿಂದ ಹೆಚ್ಚುಕಡಿಮೆ ನೇರವಾಗಿ ಮೇಲೇಳುತ್ತಾನೆ. ಸೂರ್ಯ ದಿಗಂತಕ್ಕಿಂತ 6 ಡಿಗ್ರಿ ಕೆಳಗಿರುವ ಹೊತ್ತಿನಿಂದ ಹುಟ್ಟುವವರೆಗೆ 21ರಿಂದ 23 ನಿಮಿಷ ಅಷ್ಟೆ. ಬಿಂಬದ ಮೇಲಂಚು ಕಂಡು ಕೆಳಗಿನ ಅಂಚು ಬಿಡುವಷ್ಟರಲ್ಲಿ ಎರಡೂಕಾಲು ನಿಮಿಷ. ಶುಭ್ರ ಆಕಾಶದಲ್ಲಿ ಆ 22 ನಿಮಿಷದಲ್ಲಿ ಬೆಳಕು 3 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಆಸುಪಾಸಿನಿಂದ 400 ಲಕ್ಸ್‌ಗೆ ಏರುತ್ತದೆ, ಅಂದರೆ 7 ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಮೂರು ನಿಮಿಷಕ್ಕೊಂದು ಸ್ಟಾಪ್. ಇದು ಕಣ್ಣಿಗೆ ಎಷ್ಟು ಚೆನ್ನಾಗಿ ಹೊಂದುವ ವೇಗ ಎಂದರೆ, ದಿಟ್ಟಿಸಿ ನೋಡುತ್ತಿದ್ದರೆ ಏನೂ ಬದಲಾದಂತೆ ಅನ್ನಿಸುವುದಿಲ್ಲ. ಪಕ್ಕದ ಪರದೆ ನೋಡಿ ಮತ್ತೆ ತಿರುಗಿದರೆ ಬಂಡೆಗೆ ಮೈ ಬಂದಿರುತ್ತದೆ. ಮೂರು ಪರದೆ ಇಡುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಡ. ಯುರೋಪಿನವರು ಮಾಡಿದ ಪಾಠಗಳಲ್ಲಿ ಬರುವ ದೀರ್ಘ ಹೊಂಬಿಸಿಲನ್ನು ಇಲ್ಲಿ ಕಾಯುತ್ತಾ ಕೂರಬೇಡಿ. ಸೂರ್ಯ 6 ಡಿಗ್ರಿ ಏರುವಷ್ಟರಲ್ಲಿ ನಮ್ಮದು ಮುಗಿಯಿತು, ಸುಮಾರು 25 ನಿಮಿಷ.

ರೆಕಾರ್ಡಿಂಗ್ ಹೀಗಿರಲಿ: ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು, 10 ಬಿಟ್ 4:2:2 (ಬಣ್ಣದ ವಿವರ ಹೆಚ್ಚು ಉಳಿಸುವ ಮಾದರಿ), ಲಾಗ್ (ಕತ್ತಲು, ಬೆಳಕು ಎರಡರ ವಿವರವನ್ನೂ ಹಿಡಿದಿಡುವ ಮಾದರಿ). ವೈಟ್ ಬ್ಯಾಲೆನ್ಸನ್ನು 5600 ಕೆಲ್ವಿನ್‌ಗೆ ಬಿಗಿದಿಡಿ. ಆಟೊದಲ್ಲಿ ಬಿಟ್ಟರೆ ನಸುಕಿನ ನೀಲಿಯಿಂದ ಹಳದಿಗೆ ತಿರುಗುವ ಆ ಬದಲಾವಣೆಯನ್ನೇ ಕ್ಯಾಮೆರಾ ತಿದ್ದಿ ಅಳಿಸಿಹಾಕುತ್ತದೆ. ಎಕ್ಸ್‌ಪೋಶರ್ ಕೂಡ ಒಂದೇ ಕಡೆ ನಿಲ್ಲಿಸಿ: ಸೂರ್ಯ ಹುಟ್ಟಿದ ಹತ್ತು ನಿಮಿಷದ ನಂತರದ ಬೆಳಕಿಗೆ ಹೊಂದಿಸಿ ಕೈಬಿಡಿ. ಮೊದಲು ಕತ್ತಲು, ಅದರೊಳಗಿಂದ ದೃಶ್ಯ ತಾನಾಗಿ ಮೂಡುತ್ತದೆ, ಕೊನೆಗೆ ನೀರಿನ ಮೇಲಿನ ಹೊಳಪು ಬೆಳ್ಳಗೆ ಸುಟ್ಟುಹೋಗುತ್ತದೆ. ಸುಡಲಿ ಬಿಡಿ. ಮಧ್ಯೆ ಐಎಸ್‌ಒ ಕ್ಲಿಕ್ ಮಾಡಿದರೆ ಆ ಮೂರನೇ ಒಂದು ಸ್ಟಾಪಿನ ಜಿಗಿತವನ್ನು ಎಡಿಟ್‌ನಲ್ಲಿ ಮುಚ್ಚಲು ಹೆಣಗಬೇಕಾಗುತ್ತದೆ.

ಕಾರ್ಡಿನ ಲೆಕ್ಕ: ಸೆಕೆಂಡಿಗೆ 150 ಮೆಗಾಬಿಟ್ ದರದಲ್ಲಿ ಗಂಟೆಗೆ 67.5 ಜಿಬಿ. ಎರಡು ಗಂಟೆಗೆ 256 ಜಿಬಿ ಕಾರ್ಡ್ ಸಾಕು. ಕೆಲವು ಹಳೆ ಮಾಡೆಲ್‌ಗಳು 29 ನಿಮಿಷ 59 ಸೆಕೆಂಡಿಗೆ ತಾವೇ ನಿಂತುಬಿಡುತ್ತವೆ, ನಿಮ್ಮದು ಹಾಗಿದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಬ್ಯಾಟರಿ ಬದಲಿಗೆ ಡಮ್ಮಿ ಬ್ಯಾಟರಿ (ಬ್ಯಾಟರಿ ಜಾಗದಲ್ಲಿ ಕೂತು ತಂತಿಯಿಂದ ವಿದ್ಯುತ್ ಕೊಡುವ ತುಂಡು) ಮತ್ತು ಪವರ್ ಬ್ಯಾಂಕ್. ಟ್ರೈಪಾಡ್ ಮೇಲಿದ್ದಾಗ ಸ್ಟೆಬಿಲೈಸೇಶನ್ ಆಫ್ ಇರಬೇಕು, ಇಲ್ಲದಿದ್ದರೆ ಇಲ್ಲದ ಅಲುಗಾಟವನ್ನು ತಿದ್ದಲು ಹೋಗಿ ಚೌಕಟ್ಟು ಮೆಲ್ಲಗೆ ತೇಲುತ್ತದೆ.

ವೇರಿಯಬಲ್ ಎನ್‌ಡಿ ಮನೆಯಲ್ಲೇ ಬಿಟ್ಟುಬನ್ನಿ. ಅದು ಎರಡು ಪೋಲರೈಸರ್ ಗಾಜು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವ (ಪೋಲರೈಸ್ ಆದ) ಬೆಳಕನ್ನಷ್ಟೇ ಬಿಡುವ ಗಾಜು. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದ ಬೆಳಕು ಹೆಚ್ಚು ಪೋಲರೈಸ್ ಆಗಿರುತ್ತದೆ. ನೀವು ದಕ್ಷಿಣಕ್ಕೆ ನೋಡುತ್ತಿರುವಾಗ ಸೂರ್ಯ ಪೂರ್ವದಲ್ಲಿ, ಅಂದರೆ ನೇರ ಆ ಪಟ್ಟಿಯೇ ನಿಮ್ಮ ಚೌಕಟ್ಟಿನಲ್ಲಿ. 24 ಎಂಎಂನಂಥ ಅಗಲದ ಲೆನ್ಸಲ್ಲಿ ಆಕಾಶದಲ್ಲೊಂದು ಕಪ್ಪು ಮಚ್ಚೆ ಬಂದು, ಹೊತ್ತೇರಿದ ಹಾಗೆ ಸರಿಯುತ್ತಾ ಹೋಗುತ್ತದೆ. ಜೊತೆಗೆ ನೀರಿನ ಮಿರುಗನ್ನೂ ತಿಂದುಹಾಕುತ್ತದೆ. 3 ಸ್ಟಾಪಿನದೊಂದು, 6 ಸ್ಟಾಪಿನದೊಂದು, ಹೀಗೆ ಬಿಡಿ ಎನ್‌ಡಿ ಗಾಜು ತೆಗೆದುಕೊಳ್ಳಿ.

ಮಂಜಿನಲ್ಲಿ ಲೆನ್ಸ್ ಮೇಲೆ ಇಬ್ಬನಿ ಕೂರುವುದು ಗ್ಯಾರಂಟಿ. ನಕ್ಷತ್ರ ನೋಡುವವರು ದೂರದರ್ಶಕಕ್ಕೆ ಸುತ್ತುವ ಯುಎಸ್‌ಬಿ ಬಿಸಿ ಪಟ್ಟಿ ಸಿಗುತ್ತದೆ, ಅದನ್ನು ಮುಂದಿನ ಗಾಜಿನ ಹಿಂಭಾಗಕ್ಕೆ ಸುತ್ತಿ. ಅದು ಬಿಸಿಯಾಗಿ 15 ನಿಮಿಷವಾದ ಮೇಲೆ ಫೋಕಸ್ ಮಾಡಿ ಟೇಪ್ ಹಚ್ಚಿ. ಮೊದಲೇ ಫೋಕಸ್ ಮಾಡಿಟ್ಟರೆ ಬಿಸಿಗೆ ಸ್ವಲ್ಪ ಜಾರುತ್ತದೆ.

ನಸುಕಿನಕೆರೆ

ಸರ್, ಎಕ್ಸ್‌ಪೋಶರ್ ಮುಟ್ಟಬೇಡಿ ಅನ್ನೋದು ಹೊಳೆದೇ ಇರಲಿಲ್ಲ. ಮೂರೂ ಒಂದೇ ದಿನದ್ದಲ್ಲ, ತಿಂಗಳುಗಳ ಅಂತರ ಇರತ್ತೆ. ಚೌಕಟ್ಟು ಕೂಡಿಸೋದು ಹೇಗೆ? ನಡುಹಗಲಿನ ಕಥೆ ಏನು?

ಬಂಡೆಮೇಲೆ

ಚೌಕಟ್ಟಿಗೆ: ಝೂಮ್ ಲೆನ್ಸಿನ ತುದಿಗಳನ್ನೇ ನಂಬಿ, ಅಂದರೆ 24ರ ತಡೆಗೆ ತಾಗಿಸಿ ಟೇಪ್ ಹಚ್ಚಿ. 35 ಎಂದು ಗುರುತಿರುವ ಕಡೆ ನಿಲ್ಲಿಸಿದರೆ ಮುಂದಿನ ಸಲ ಅದು 34 ಆಗಿರುತ್ತದೆ. ಟ್ರೈಪಾಡಿನ ಮೂರು ಕಾಲು ನಿಲ್ಲುವ ಜಾಗಕ್ಕೆ ಸೀಮೆಸುಣ್ಣದ ಗುರುತು ಸಾಲದು, ಮಳೆಗೆ ಹೋಗುತ್ತದೆ. ಅಳತೆಪಟ್ಟಿ ಹಿಡಿದು ಹತ್ತಿರದ ಎರಡು ಸ್ಥಿರ ಕಲ್ಲುಗಳಿಂದ ಪ್ರತಿ ಕಾಲಿಗೂ ದೂರ ಬರೆದಿಡಿ. ನಡುಕಂಬದ ಕೊಕ್ಕೆಗೆ ತೂಗುಗುಂಡು ಕಟ್ಟಿ ನೆಲದಿಂದ ಲೆನ್ಸಿನ ಎತ್ತರ ಅಳೆಯಿರಿ. ಮೊದಲ ದಿನದ ಒಂದು ಚಿತ್ರವನ್ನು ಫೋನಿಗೆ ಹಾಕಿಕೊಂಡು ಬಂಡೆಯ ಅಂಚು ಎಲ್ಲಿ ಮುಟ್ಟುತ್ತದೆ ಎಂದು ತಾಳೆ ನೋಡಿ. ಹೆಚ್ಚು ಪಿಕ್ಸೆಲ್ಲಿನ 4ಕೆಯಲ್ಲಿ ತೆಗೆದು ಕಡಿಮೆ ಪಿಕ್ಸೆಲ್ಲಿನ 1080ರಲ್ಲಿ ತೋರಿಸುವುದರಿಂದ ಉಳಿದ ಸಣ್ಣ ತಪ್ಪನ್ನು ಎಡಿಟ್‌ನಲ್ಲಿ ಸರಿಸಿ ಕೂಡಿಸಬಹುದು. ಕ್ಯಾಮೆರಾ ಎತ್ತರ ಬದಲಾದರೆ ಮಾತ್ರ ಹತ್ತಿರದ ಹುಲ್ಲು, ದೂರದ ಮರ ಎರಡೂ ಒಟ್ಟಿಗೆ ಕೂಡುವುದೇ ಇಲ್ಲ, ಅದಕ್ಕೆ ಮದ್ದಿಲ್ಲ.

ನಡುಹಗಲು ಸಪ್ಪೆ ಎಂದಿರಿ. ಯಾವ ತಿಂಗಳು ತೆಗೆದಿರಿ? ನೀವು ನೋಡುತ್ತಿರುವುದು ಬಂಡೆಯ ಉತ್ತರದ ಮುಖ. ಡಿಸೆಂಬರಲ್ಲಿ ನಡುಹಗಲಿನ ಸೂರ್ಯ ದಕ್ಷಿಣಕ್ಕೆ 53–54 ಡಿಗ್ರಿ ಎತ್ತರದಲ್ಲಿರುತ್ತಾನೆ. ಬಂಡೆಯ ಈ ಮುಖಕ್ಕೆ ಬಿಸಿಲೇ ಇಲ್ಲ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ನೆರಳಿಲ್ಲದ ದಿನ ಎಂದು ಶಾಲೆಗಳಲ್ಲಿ ಕಂಬ ನೆಟ್ಟು ತೋರಿಸುತ್ತಾರಲ್ಲ, ಅದೇ. ಅಲ್ಲಿಂದ ಆಗಸ್ಟ್ 18ರವರೆಗೆ ನಡುಹಗಲಿನ ಸೂರ್ಯ ಉತ್ತರಕ್ಕಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ, ನಿಮ್ಮ ಬಂಡೆ ಆಗ ಬೆಳಗುತ್ತದೆ. ಜೂನ್ 21ರಂದು ಎತ್ತರ 79–80 ಡಿಗ್ರಿ. ಕಡಿದಾದ ಆ ಬಿಸಿಲು ಕಲ್ಲಿನ ಮೈಯನ್ನು ಸವರಿಕೊಂಡು ಇಳಿಯುವಾಗ ಪ್ರತಿ ಬಿರುಕೂ ಗೆರೆ ಎಳೆದಂತೆ ಕಾಣುತ್ತದೆ. ಜೊತೆಗೆ ಜೂನ್–ಜುಲೈಯಲ್ಲಿ ಮುಂಗಾರಿನ ಗಾಳಿಗೆ ಬಿಡಿ ಮೋಡಗಳು ಪಡುವಣದಿಂದ ಮೂಡಣಕ್ಕೆ, ನಿಮ್ಮ ಚೌಕಟ್ಟಲ್ಲಿ ಬಲದಿಂದ ಎಡಕ್ಕೆ, ಓಡುತ್ತಿರುತ್ತವೆ. ಮೋಡದ ನೆರಳು ಹುಲ್ಲಿನ ಮೇಲೆ ಹರಿದು ಬಂಡೆ ಹತ್ತಿ ಇಳಿಯುವುದೇ ನಡುಹಗಲಿನ ಘಟನೆ. ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಬೇಸಿಗೆಯಲ್ಲೇ ತೆಗೆಯಬೇಕು ಎಂದಿದ್ದರೆ ಬಿಸಿಲ್ಗುದುರೆ ಹಿಡಿಯಿರಿ. ಅಮೆರಿಕದ ವಿಡಿಯೊ ಕಲಾವಿದ ಬಿಲ್ ವಯೊಲ 1979ರಲ್ಲಿ ಟ್ಯುನೀಸಿಯಾದ ಉಪ್ಪುಸರೋವರದ ಮೇಲೆ ಮಾಡಿದ್ದು ಇದನ್ನೇ, ಉದ್ದದ ಟೆಲಿ ಲೆನ್ಸ್ ಇಟ್ಟು. ನಿಮ್ಮ 70 ಎಂಎಂ ಸಾಲದು, 400 ಆದರೂ ಬೇಕು. ಕ್ಯಾಮೆರಾ ನೆಲದಿಂದ ಒಂದೂವರೆ ಅಡಿಗಿಂತ ಮೇಲಿರಬಾರದು. ಬಿಸಿಗಾಳಿ ಕದಡುವುದು ನೆಲಕ್ಕೆ ಅಂಟಿಕೊಂಡಂತೆ. ಶಟರನ್ನು 100ರಲ್ಲಿ ಒಂದು, 200ರಲ್ಲಿ ಒಂದು ಮಾಡಿ, 50ರಲ್ಲಿ ಅಲೆಗಳು ಕಲಸಿ ಬರೀ ಮಸುಕಾಗಿ ಕಾಣುತ್ತವೆ. ಆದರೆ ಇದು ಬೇರೆ ಚೌಕಟ್ಟು, ಬೇರೆ ಕೃತಿ. ಮೂರರಲ್ಲಿ ಒಂದಾಗಿ ತುರುಕಬೇಡಿ.

ಗಾಳಿಪಟ

ಮೇಲಿನಿಂದ ಡ್ರೋನ್ ಶಾಟ್ ಒಂದು ಇದ್ರೆ ಸೂಪರ್ ಆಗಿರತ್ತೆ ಅಲ್ವಾ? ಕೆರೆ ಪೂರ್ತಿ ಕಾಣತ್ತೆ.

ಬಂಡೆಮೇಲೆ

ಯಲಹಂಕ ವಾಯುನೆಲೆ, ಜಕ್ಕೂರು ಏರೋಡ್ರೋಮ್ ಎರಡೂ ಆ ಕಡೆಯೇ ಇವೆ. ಡ್ರೋನ್ ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ಎಂದು ನೋಡದೆ ಹಾರಿಸುವ ಮಾತೇ ಆಡಬೇಡಿ. ಹುಲ್ಲುಗಾವಲಲ್ಲಿ ನೆಲದ ಮೇಲೇ ಗೂಡು ಕಟ್ಟುವ ಹಕ್ಕಿಗಳಿವೆ. ಅರಣ್ಯ ಇಲಾಖೆಯ ಸರಹದ್ದಾದರೆ ಟ್ರೈಪಾಡ್ ಇಡುವುದಕ್ಕೂ ಕೇಳಿಕೊಂಡೇ ಹೋಗಬೇಕು. ಅದಿರಲಿ, ಅಲುಗದ ಕ್ಯಾಮೆರಾದ ಕೃತಿಗೆ ಹಾರುವ ಕ್ಯಾಮೆರಾ ಏಕೆ?

ಎಚ್‌ಡಿಎಂಐ ದಾಸ

ತೆಗೆಯೋದು ಬಂಡೆಮೇಲೆ ಸಾರ್ ಹೇಳಿದ್ರು, ತೋರಿಸೋದು ನಾನು ಹೇಳ್ತೀನಿ. ಮುಕ್ಕಾಲು ಪಾಲು ಇಂಥ ಕೆಲಸ ಹಾಳಾಗೋದು ಕೋಣೆಯಲ್ಲೇ.

ಪಟ್ಟೆ ಯಾಕೆ ಬರತ್ತೆ ಅಂದ್ರೆ, 8 ಬಿಟ್‌ನಲ್ಲಿ ಕಪ್ಪಿಂದ ಬಿಳಿಗೆ ಇರೋದು 256 ಮೆಟ್ಟಿಲು. ಮಂಜಿನ ಆಕಾಶದಲ್ಲಿ ಈ ತುದಿಯಿಂದ ಆ ತುದಿಗೆ ವ್ಯತ್ಯಾಸ ಎಷ್ಟು, 20 ಮೆಟ್ಟಿಲು ಅಂದ್ಕೊಳಿ. 1920 ಪಿಕ್ಸೆಲ್‌ಗೆ 20 ಮೆಟ್ಟಿಲು ಹಂಚಿದ್ರೆ ಒಂದೊಂದೂ 96 ಪಿಕ್ಸೆಲ್. ಪರದೆ 2.4 ಮೀಟರ್ ಅಗಲ ಇದ್ರೆ ಒಂದು ಪಿಕ್ಸೆಲ್ 1.25 ಮಿಲಿಮೀಟರ್, ಅಂದ್ರೆ 12 ಸೆಂಟಿಮೀಟರ್ ಅಗಲದ ಪಟ್ಟೆ. ಲ್ಯಾಪ್‌ಟಾಪಲ್ಲಿ ಅದೇ ಪಟ್ಟೆ ಒಂದೂವರೆ ಸೆಂಟಿಮೀಟರ್, ಅದಕ್ಕೇ ಕಾಣಲ್ಲ.

ಮದ್ದು: ಬಣ್ಣದ ಕೆಲಸ ಎಲ್ಲ 10 ಬಿಟ್ ಅಥವಾ ಹೆಚ್ಚಿನದ್ರಲ್ಲಿ ಮಾಡಿ. 1080ಕ್ಕೆ ಇಳಿಸಿದ ಮೇಲೆ ಸಣ್ಣ ಗ್ರೇನ್ (ಮರಳಿನಂಥ ಚುಕ್ಕೆ) ಸೇರಿಸಿ. ಕಣ್ಣಿಗೆ ಕಂಡೂ ಕಾಣದಷ್ಟು ಸಾಕು, ಅದು ಮೆಟ್ಟಿಲಿನ ಅಂಚನ್ನ ಒಡೆದುಹಾಕತ್ತೆ. 4ಕೆಯಲ್ಲಿ ಗ್ರೇನ್ ಹಾಕಿ ಆಮೇಲೆ ಇಳಿಸಿದ್ರೆ ಅರ್ಧ ಗ್ರೇನ್ ಅಲ್ಲೇ ಸತ್ತಿರತ್ತೆ. ಇನ್ನೊಂದು, ವಿಡಿಯೊ ಫೈಲ್ ಕುಗ್ಗಿಸೋ ಎನ್‌ಕೋಡರ್ ಗ್ರೇನನ್ನ ಕಸ ಅಂತ ಗುಡಿಸಿಬಿಡತ್ತೆ. 8 ಮೆಗಾಬಿಟ್‌ಗೆ ಎಕ್ಸ್‌ಪೋರ್ಟ್ ಮಾಡಿದ್ರೆ ಪಟ್ಟೆ ವಾಪಸ್. 30–40 ಮೆಗಾಬಿಟ್ ಕೊಡಿ, ಗ್ರೇನ್ ಟ್ಯೂನ್ ಆಯ್ಕೆ ಇದ್ರೆ ಆನ್ ಮಾಡಿ. ಪೈ 4ರಲ್ಲಿ 10 ಬಿಟ್ ಎಚ್‌ಇವಿಸಿ ಫೈಲ್ ಹಾರ್ಡ್‌ವೇರಲ್ಲೇ ಓಡತ್ತೆ, ಹಳೇ ಫಾರ್ಮ್ಯಾಟ್ ಎಚ್ 264 ಬೇಡ. ಯಾರಾದ್ರೂ ಲ್ಯಾಪ್‌ಟಾಪಿಂದ ಹ್ಯಾಪ್ ಕೋಡೆಕಲ್ಲಿ (ವಿಡಿಯೊ ಕುಗ್ಗಿಸೋ ಇನ್ನೊಂದು ವಿಧಾನ) ಓಡಿಸಿ ಅಂದ್ರೆ, ಬರೀ ಹ್ಯಾಪ್ ಅಲ್ಲ, ಹ್ಯಾಪ್ ಕ್ಯೂ ತಗೊಳ್ಳಿ. ಬರೀ ಹ್ಯಾಪ್ ಮಂಜನ್ನ ಚೌಕ ಚೌಕ ಮಾಡಿ ಇಡತ್ತೆ.

ಪೈ ಔಟ್‌ಪುಟ್ 50 ಹರ್ಟ್ಸ್ (ಸೆಕೆಂಡಿಗೆ 50 ಸಲ ಚಿತ್ರ) ಮಾಡಿ. ಪೈ ಸುಮ್ನೆ ಬಿಟ್ರೆ 60ಕ್ಕೆ ಹೋಗತ್ತೆ, 25 ಫ್ರೇಮನ್ನ 60ರಲ್ಲಿ ಸಮ ಹಂಚೋಕೆ ಆಗಲ್ಲ, ಹಕ್ಕಿ ಹಾರಿದ್ರೆ ಕುಂಟ್ತಾ ಹಾರತ್ತೆ. ಪ್ರೊಜೆಕ್ಟರ್ ಆನ್ ಆಗೋ ಮುಂಚೆ ಪೈ ಆನ್ ಆದ್ರೆ ಎದುರಿಗೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಾಗಲ್ಲ, ಯಾವುದೋ ರೆಸಲ್ಯೂಶನ್ ಹಿಡ್ಕೊಂಡು ಕೂರತ್ತೆ. ಬೂಟ್ ಫೈಲಲ್ಲಿ 1080, 50 ಅಂತ ಬಲವಂತವಾಗಿ ಬರೆದಿಡಿ, ಇಲ್ಲಾಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಇಡಿಐಡಿ ಎಮ್ಯುಲೇಟರ್ (ಎದುರಿಗೆ ಪ್ರೊಜೆಕ್ಟರ್ ಇದೆ ಅಂತ ಪೈಗೆ ನಂಬಿಸೋ ತುಂಡು) ಅಂತ ಕೇಳಿ, ಹೆಬ್ಬೆರಳಷ್ಟು ಇರತ್ತೆ. ಕೇಬಲ್ 10 ಮೀಟರ್ ದಾಟಿದ್ರೆ ಮಾಮೂಲಿ ತಾಮ್ರದ್ದು ಬೇಡ, ಫೈಬರ್ ಎಚ್‌ಡಿಎಂಐ ತಗೊಳ್ಳಿ. ಅದಕ್ಕೆ ದಿಕ್ಕು ಇದೆ! ಡಿಸ್‌ಪ್ಲೇ ಅಂತ ಬರೆದಿರೋ ತುದಿ ಪ್ರೊಜೆಕ್ಟರ್ ಕಡೆಗೆ. ಸೀಲಿಂಗ್ ಮೇಲೆ ಎಳೆದು ಕಟ್ಟಿದ ಮೇಲೆ ಉಲ್ಟಾ ಅಂತ ಗೊತ್ತಾದ್ರೆ ಅವತ್ತಿನ ದಿನ ಮುಗೀತು.

ಈಗ ಪ್ರೊಜೆಕ್ಟರ್. ಮೂರೂ ಒಂದೇ ಮಾಡೆಲ್, ಲ್ಯಾಂಪ್ ಓಡಿರೋ ಗಂಟೆಯೂ ಹತ್ತಿರ ಹತ್ತಿರ ಇರಬೇಕು. ಬಾಡಿಗೆಗೆ ತರುವಾಗ ಮೆನುವಿನಲ್ಲಿ ಲ್ಯಾಂಪ್ ಅವರ್ ನೋಡಿ ತನ್ನಿ. 200 ಗಂಟೆಯದು, 2500 ಗಂಟೆಯದು ಪಕ್ಕಪಕ್ಕ ಇಟ್ರೆ ಒಂದು ನೀಲಿ, ಒಂದು ಹಳದಿ. ನಿಮಗೆ ಆಗಿರೋದು ಅದೇ ಇರಬೇಕು. ಡೈನಮಿಕ್ ಕಾಂಟ್ರಾಸ್ಟ್, ಆಟೊ ಐರಿಸ್, ಲೇಸರ್ ಆದ್ರೆ ಡೈನಮಿಕ್ ಬ್ಲ್ಯಾಕ್, ಆಟೊ ಇಕೊ, ಎಲ್ಲಾ ಆಫ್. ಇವು ಕತ್ತಲೆ ದೃಶ್ಯ ಬಂದ್ರೆ ದೀಪ ತಗ್ಗಿಸ್ತವೆ, ಸ್ವಲ್ಪ ಬೆಳಕು ಕಂಡ ತಕ್ಷಣ ಏರಿಸ್ತವೆ. ನಿಮ್ಮ 22 ನಿಮಿಷದ ನಸುಕು ಪ್ರೊಜೆಕ್ಟರ್ ಇಷ್ಟದಂತೆ ಉಬ್ಬಸ ಬಂದೋರ ಥರ ಏರಿಳಿಯತ್ತೆ. ಬಣ್ಣ ಹೊಂದಿಸೋಕೆ ಮೂರಕ್ಕೂ ಶೇ 50ರ ಬೂದು ಬಣ್ಣ ಹಾಕಿ, ಅತಿ ಮಂಕಾಗಿರೋದಕ್ಕೆ ಉಳಿದೆರಡನ್ನ ಇಳಿಸಿ. ಮಂಕಾದದ್ದನ್ನ ಏರಿಸೋಕೆ ಹೋಗಬೇಡಿ, ಮೇಲೆ ಜಾಗ ಇರಲ್ಲ.

ರೇಂಜ್ (ಕಪ್ಪಿಂದ ಬಿಳಿವರೆಗಿನ ಸಂಖ್ಯೆಗಳ ವ್ಯಾಪ್ತಿ) ಕೂಡ ನೋಡ್ಕೊಳಿ. ಪೈ 16ರಿಂದ 235 ಕಳಿಸ್ತಾ ಇದ್ದು ಪ್ರೊಜೆಕ್ಟರ್ 0ಯಿಂದ 255 ಅಂತ ಓದಿದ್ರೆ ಕಪ್ಪು ಬೂದಿಯಾಗತ್ತೆ. ಉಲ್ಟಾ ಆದ್ರೆ ನಸುಕಿನ ಮೊದಲ ಐದಾರು ನಿಮಿಷ ಪೂರ್ತಿ ಕಪ್ಪಲ್ಲಿ ಮುಳುಗೋಗತ್ತೆ, ಬೆಳಕು ಒಮ್ಮೆಲೇ ಪುಸಕ್ಕನೆ ಬರತ್ತೆ. ಶೇ 1, 2, 3, 4, 5ರ ಬೂದು ಚೌಕಗಳ ಒಂದು ಚಿತ್ರ ಮಾಡ್ಕೊಂಡು ಹೋಗಿ. ಶೇ 2ರ ಚೌಕ ಕಂಡೂ ಕಾಣದಂತಿದ್ರೆ ಸರಿ ಇದೆ.

ಜೋಡಣೆ ಲೆಕ್ಕ: 2.4 ಮೀಟರ್‌ನ ಮೂರು ಪರದೆ, ನಡುವೆ 40 ಸೆಂಟಿಮೀಟರ್ ಬಿಟ್ರೆ ಒಟ್ಟು 8 ಮೀಟರ್, ನಿಮ್ಮ ಉದ್ದದ ಗೋಡೆಗೆ ಸರಿಹೋಗತ್ತೆ. ಥ್ರೋ ರೇಶಿಯೊ (ದೂರವನ್ನ ಚಿತ್ರದ ಅಗಲದಿಂದ ಭಾಗಿಸಿದ್ದು) 1.5 ಇರೋ ಪ್ರೊಜೆಕ್ಟರ್ ಆದ್ರೆ 3.6 ಮೀಟರ್ ದೂರ. ಮೇಲೆ ಸೀಲಿಂಗಿಗೆ ಕಟ್ಟಿ, ಜನ ಕೆಳಗೆ ಓಡಾಡಲಿ. ಓರೆ ಚಿತ್ರ ನೆಟ್ಟಗೆ ಮಾಡೋ ಕೀಸ್ಟೋನ್ ಬಟನ್ ಮುಟ್ಟಬೇಡಿ, ಪಿಕ್ಸೆಲ್ ಕಲಸಿ ಗ್ರೇನ್ ಎಲ್ಲಾ ಗಂಜಿಯಾಗತ್ತೆ. ಲೆನ್ಸನ್ನೇ ಸರಿಸಿ ಚಿತ್ರ ಕೂರಿಸೋ ಲೆನ್ಸ್ ಶಿಫ್ಟ್ ಇರೋದನ್ನೇ ಕೇಳಿ ತನ್ನಿ.

ಕಿಟಕಿ ವಿಷಯ ಹಗುರವಾಗಿ ತಗೋಬೇಡಿ. ಪರದೆ 3.24 ಚದರ ಮೀಟರ್. 3000 ಲ್ಯೂಮೆನ್ ಅಂತ ಡಬ್ಬದ ಮೇಲಿರತ್ತೆ, ಬಣ್ಣ ಸರಿ ಮಾಡಿದ ಮೇಲೆ 1800 ಸಿಕ್ಕಿದ್ರೆ ಪುಣ್ಯ, ಅಂದ್ರೆ ಪರದೆ ಮೇಲೆ 550 ಲಕ್ಸ್. ಕಿಟಕಿ ಸಂದಿಯಿಂದ 20 ಲಕ್ಸ್ ಬಂದ್ರೆ ಬಿಳಿ–ಕಪ್ಪಿನ ಅನುಪಾತ 28ಕ್ಕೆ 1. ಸುಮಾರು 5 ಸ್ಟಾಪ್ ಆಯ್ತು. 7 ಸ್ಟಾಪಿನ ನಸುಕನ್ನ 5 ಸ್ಟಾಪಿನ ಪಾತ್ರೆಗೆ ಸುರಿದ ಹಾಗೆ. 1 ಲಕ್ಸ್‌ಗೆ ಇಳಿಸಿದ್ರೆ 550ಕ್ಕೆ 1. ಕಪ್ಪು ಬಟ್ಟೆ ಒಂದೇ ಪದರ ಸಾಲದು, ಒಳಗೆ ರಟ್ಟು, ಅಂಚಿಗೆ ಗ್ಯಾಫರ್ ಟೇಪ್. ಎದುರು ಗೋಡೆ, ಸೀಲಿಂಗ್ ಬೆಳ್ಳಗಿದ್ರೆ ನಡುಹಗಲಿನ ಪರದೆಯ ಬೆಳಕೇ ವಾಪಸ್ ಬಂದು ನಸುಕನ್ನ ತೊಳೆದುಹಾಕತ್ತೆ. ಎದುರು ಗೋಡೆಗಾದ್ರೂ ಕಡು ಬೂದು ಬಣ್ಣ ಹೊಡೆಸಿ.

ಕರೆಂಟು: ಒಂದೊಂದು ಪ್ರೊಜೆಕ್ಟರ್ 300 ವ್ಯಾಟ್ ಅಂದ್ರೂ 900, ಪೈ ಎಲ್ಲ ಸೇರಿ ಸಾವಿರದ ಹತ್ತಿರ. 2 ಕೆವಿಎ ಯುಪಿಎಸ್, ಸೈನ್ ವೇವ್‌ದು. ಲ್ಯಾಂಪ್ ಪ್ರೊಜೆಕ್ಟರ್‌ಗೆ ಒಮ್ಮೆಲೇ ಕರೆಂಟ್ ಹೋದ್ರೆ ಫ್ಯಾನೂ ನಿಂತು ಲ್ಯಾಂಪ್ ಬೆಂದುಹೋಗತ್ತೆ.

ಮಲ್ಮಲ್

ದಾಸರು ಪರದೆ ಯಾವುದು ಅಂತ ಹೇಳಲೇ ಇಲ್ಲ. ಬಿಳಿ ಗೋಡೆಗೆ ಹಾಕಿದರೆ ಮಂಜು ಗೋಡೆಯ ಮೇಲಿನ ಚಿತ್ರವಾಗಿ ಉಳಿಯುತ್ತದೆ ಅಷ್ಟೆ. ನಸುಕಿನ ಪರದೆಯೊಂದಕ್ಕೆ ಮಾತ್ರ ಗೋಡೆಯಿಂದ 30 ಸೆಂಟಿಮೀಟರ್ ಮುಂದೆ ತೆಳು ಮಲ್ಮಲ್ ಇಳಿಬಿಡಿ. ಚಿತ್ರ ಬಟ್ಟೆಯ ಮೇಲೆ ಅರ್ಧ ನಿಂತು, ಉಳಿದದ್ದು ಹಾಯ್ದು ಗೋಡೆಗೆ ಬೀಳುತ್ತದೆ. 3.6 ಮೀಟರಿಗೆ 30 ಸೆಂಟಿಮೀಟರ್ ಸೇರಿದರೆ ಗೋಡೆಯ ಮೇಲಿನದು ಶೇ 8ರಷ್ಟು ದೊಡ್ಡದು, ಸ್ವಲ್ಪ ಮಸುಕು. ಎರಡೂ ಒಂದರ ಹಿಂದೊಂದು ಕಂಡಾಗ ದೂರದ ಮರ ನಿಜಕ್ಕೂ ಮಂಜಿನ ಹಿಂದೆ ನಿಂತಂತೆ ಇರುತ್ತದೆ. ನೋಡುವವರು ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಎರಡು ಚಿತ್ರವೂ ಒಂದರ ಮೇಲೊಂದು ಜಾರುತ್ತವೆ. ಮಂಜನ್ನು ಎಡಿಟ್‌ನಲ್ಲಿ ಹುಡುಕುವ ಬದಲು ಬಟ್ಟೆಯಲ್ಲಿ ಹುಡುಕಿ ಅಂತ ನನ್ನ ಸಲಹೆ. ಚಿತ್ರಕಲಾವಿದ ಕೆ. ವೆಂಕಟಪ್ಪನವರ ಊಟಿಯ ಜಲವರ್ಣಗಳನ್ನು ಹತ್ತಿರದಿಂದ ನೋಡಿದವರಿಗೆ ಪದರದ ಮೇಲೆ ಪದರ ಏನು ಮಾಡುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಚಿಕ್ಕಪೇಟೆಯಲ್ಲಿ ತಾನಿನಿಂದ ಕತ್ತರಿಸಿ ಕೊಡುತ್ತಾರೆ. 2.4 ಮೀಟರ್ ಅಗಲದ ಬಟ್ಟೆ ಸಿಗುವುದಿಲ್ಲ, ಹೊಲಿಗೆ ಬರುತ್ತದೆ. ಹೊಲಿಗೆ ಅಡ್ಡಕ್ಕೆ, ದಿಗಂತದ ರೇಖೆ ಇರುವ ಎತ್ತರಕ್ಕೇ ಬರುವ ಹಾಗೆ ಮಾಡಿಸಿದರೆ ಕಣ್ಣಿಗೆ ಬೀಳುವುದಿಲ್ಲ. ಮೊದಲು ಒಗೆಯಿರಿ; ಹೊಸ ಬಟ್ಟೆಯ ಗಂಜಿ ಹೊಳೆಯುತ್ತದೆ, ಒಗೆದ ಮೇಲೆ ಕುಗ್ಗುವುದೂ ಇದೆ, ಶೇ 5ರಷ್ಟು ಹೆಚ್ಚಿಗೆ ತನ್ನಿ. ಕೆಳಗಿನ ಮಡಿಕೆಯೊಳಗೆ ತೆಳು ಕಬ್ಬಿಣದ ಸರಳು ತೂರಿಸಿ. ಸೊಳ್ಳೆಪರದೆ ಬಟ್ಟೆ ಅಗ್ಗ ಅಂತ ಹೋಗಬೇಡಿ: ಅದರ ಕಣ್ಣು ಒಂದು ಒಂದೂವರೆ ಮಿಲಿಮೀಟರ್, ದಾಸರ ಲೆಕ್ಕದ ಪಿಕ್ಸೆಲ್ 1.25, ಎರಡೂ ಸೇರಿ ಪರದೆ ತುಂಬ ಅಲೆಅಲೆಯ ಗೆರೆ (ಮೋಯ್ರೆ) ಏಳುತ್ತದೆ. ಮಲ್ಮಲ್ ನೂಲು ಅದಕ್ಕಿಂತ ಎಷ್ಟೋ ಸಣ್ಣದು, ಆ ಕಾಟವಿಲ್ಲ. ಹಿಂಬದಿಯಿಂದ ಪ್ರೊಜೆಕ್ಟ್ ಮಾಡುವ ಯೋಚನೆ ಬಂದರೆ ತೆಳು ಬಟ್ಟೆಯಲ್ಲಿ ಲೆನ್ಸೇ ಕಣ್ಣಿಗೆ ಚುಚ್ಚುತ್ತದೆ. ಮುಂದಿನಿಂದಲೇ ಇರಲಿ. ಎಸಿ ಗಾಳಿ ನೇರ ಬಟ್ಟೆಗೆ ಬೀಳಬಾರದು. ಮೆಲ್ಲಗೆ ಉಸಿರಾಡಿದಷ್ಟು ಅಲುಗಿದರೆ ಚೆಂದ, ಬಾವುಟದಂತೆ ಆಡಿದರೆ ಕೆಟ್ಟಿತು.

ನಸುಕಿನಕೆರೆ

ಮಲ್ಮಲ್ ಮೇಡಂ, ಇದು ಖಂಡಿತ ಮಾಡಿ ನೋಡ್ತೀನಿ. ಇನ್ನೆರಡು ಕೇಳಬೇಕು. ಮೂರು ಪೈಗಳನ್ನ ಫ್ರೇಮಿಗೆ ಫ್ರೇಮ್ ಸಿಂಕ್ ಮಾಡಬೇಕಾ? ಆಮೇಲೆ ಮೋಡ ಕವಿದು ಒಂದು ದಿನದ ನಸುಕು ತಪ್ಪಿದ್ರೆ ಅದೇ ಕೋನದ ಬೆಳಕಿಗೆ ವರ್ಷವಿಡೀ ಕಾಯಬೇಕಾ?

ಎಚ್‌ಡಿಎಂಐ ದಾಸ

ಬೇಡ. ಪೈ ಒಳಗಿನ ಗಡಿಯಾರದ ಹರಳು 50 ಪಿಪಿಎಂ (ಹತ್ತು ಲಕ್ಷಕ್ಕೆ 50) ತಪ್ಪಿದ್ರೂ ಗಂಟೆಗೆ 0.18 ಸೆಕೆಂಡ್, ಎಂಟು ಗಂಟೆಗೆ ಒಂದೂವರೆ ಸೆಕೆಂಡ್. ಒಂದು ಪರದೆಯಿಂದ ಇನ್ನೊಂದಕ್ಕೆ ಹಕ್ಕಿ ಹಾರೋ ದೃಶ್ಯ ಇದ್ರೆ ಅದು ಕಾಣತ್ತೆ, ನಿಮ್ಮಲ್ಲಿ ಮೂರೂ ಬೇರೆ ಹೊತ್ತು. ಪ್ರತಿ ಲೂಪ್ ಶುರುವಿನಲ್ಲಿ ಒಂದು ಪೈ ಉಳಿದೆರಡಕ್ಕೆ ನೆಟ್‌ವರ್ಕಲ್ಲಿ ಸಂದೇಶ ಕಳಿಸಿದ್ರೆ ಸಾಕು. ಮೂರು ಫೈಲೂ ಒಂದೇ ಉದ್ದ ಇರಲಿ, 40 ನಿಮಿಷ ಅಂದ್ಕೊಳಿ.

ಲೂಪ್ ಬಗ್ಗೆ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ನಸುಕು ಕಪ್ಪಿಂದ ಶುರು, ಮುಸ್ಸಂಜೆ ಕಪ್ಪಲ್ಲಿ ಮುಗಿಯತ್ತೆ. ಎರಡೂ ಕಪ್ಪು ಒಟ್ಟಿಗೆ ಬಂದ್ರೆ ಒಳಗೆ ಬಂದೋರು ಪ್ರೊಜೆಕ್ಟರ್ ಕೆಟ್ಟಿದೆ ಅಂತ ಹೊರಟುಬಿಡ್ತಾರೆ. ಮುಸ್ಸಂಜೆ ಫೈಲನ್ನ 20 ನಿಮಿಷ ಹಿಂದೆ ಸರಿಸಿ ಕೂರಿಸಿ. ನಡುಹಗಲು ಹೇಗೂ ಸದಾ ಬೆಳಗ್ತಾ ಇರತ್ತೆ, ಅದಕ್ಕೇ ಅದನ್ನ ಬಿಡಬೇಡಿ. ಅದರ ಲೂಪ್ ಕೂಡೋ ಕಡೆ 10 ಸೆಕೆಂಡ್ ಕ್ರಾಸ್ ಡಿಸಾಲ್ವ್ (ಒಂದು ಚಿತ್ರ ಕರಗ್ತಾ ಇನ್ನೊಂದು ಮೂಡೋದು), ಮೋಡದ ನೆರಳು ಚೌಕಟ್ಟಿಂದ ಆಚೆ ಹೋಗಿರೋ ಕ್ಷಣ ನೋಡಿ.

ಬಂಡೆಮೇಲೆ

ವರ್ಷ ಕಾಯಬೇಕಿಲ್ಲ, ಜೋಡಿ ದಿನ ಇದೆ. ಡಿಸೆಂಬರ್ 21ರಿಂದ ಎಷ್ಟು ದಿನ ಮುಂದೋ ಅಷ್ಟೇ ದಿನ ಹಿಂದೆ ಹೋದರೆ ಸೂರ್ಯ ಹುಟ್ಟುವ, ಮುಳುಗುವ ಜಾಗ ಅದೇ. ಬೆಂಗಳೂರಿನ ಗವಿ ಗಂಗಾಧರೇಶ್ವರ ದೇವಸ್ಥಾನದಲ್ಲಿ ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವಿಂದ ಒಳಗೆ ಹೋಗುತ್ತದಲ್ಲ. ಜನವರಿ 14 ಅಂದರೆ 24 ದಿನ ಮುಂದೆ, 24 ದಿನ ಹಿಂದೆ ಅಂದರೆ ನವೆಂಬರ್ 27. ಆಗಲೂ ಸೂರ್ಯ ಅದೇ ದಿಕ್ಕಿನಲ್ಲಿರುತ್ತಾನೆ, ಜಾತ್ರೆ ಇರುವುದಿಲ್ಲ ಅಷ್ಟೆ. ಬೇಸಿಗೆಯ ಕಡೆಗೆ ಜೂನ್ 21 ಇಟ್ಟುಕೊಂಡು ಇದೇ ಲೆಕ್ಕ. ವರ್ಷದಲ್ಲಿ ಸೂರ್ಯೋದಯದ ಬಿಂದು ನೇರ ಪೂರ್ವದಿಂದ ಆ ಕಡೆ 24, ಈ ಕಡೆ 24 ಡಿಗ್ರಿ ಓಡಾಡುತ್ತದೆ. ಎರಡು ತುದಿಗಳ ಹತ್ತಿರ ನಿಧಾನ, ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಜೋರು. ಹಾಗಾಗಿ ಡಿಸೆಂಬರಿನಲ್ಲಿ ಒಂದು ವಾರ ತಪ್ಪಿದರೂ ವ್ಯತ್ಯಾಸ ಕಾಣದು, ಮಾರ್ಚಿನಲ್ಲಿ ವಾರಕ್ಕೆ ಸುಮಾರು 3 ಡಿಗ್ರಿ ಸರಿದಿರುತ್ತದೆ.

ಎರಡು ಎಚ್ಚರ. ಕೋನ ಒಂದೇ ಆದರೂ ಗಡಿಯಾರ ಬೇರೆ: ನವೆಂಬರ್ 27ರ ಸೂರ್ಯೋದಯ ಜನವರಿ 14ರದ್ದಕ್ಕಿಂತ 20 ನಿಮಿಷಕ್ಕೂ ಹೆಚ್ಚು ಮುಂಚೆ. ಹಳೆಯ ಟಿಪ್ಪಣಿ ನೋಡಿಕೊಂಡು ಹೊರಟರೆ ನಿಮ್ಮ 22 ನಿಮಿಷ ದಾರಿಯಲ್ಲೇ ಮುಗಿದಿರುತ್ತದೆ. ಎರಡನೆಯದು ಹುಲ್ಲು. ನವೆಂಬರಿನಲ್ಲಿ ಹಿಂಗಾರಿನ ಹಸಿರು ಇನ್ನೂ ಉಳಿದಿರುತ್ತದೆ, ಕೆರೆಯೂ ತುಂಬಿರಬಹುದು. ಜನವರಿಯ ನಡುವಿಗೆ ಹುಲ್ಲು ಒಣಗಿ ಹೊಂಬಣ್ಣ, ನೀರಿನ ಅಂಚು ಹಿಂದಕ್ಕೆ. ಅರ್ಧ ನಸುಕು ಇಲ್ಲಿಂದ, ಅರ್ಧ ಅಲ್ಲಿಂದ ಎಂದು ಬೆಸೆಯಲು ಹೋದರೆ ಕೂಡುವುದಿಲ್ಲ. ಒಂದೇ ಬೆಳಗಿನದು ಪೂರ್ತಿ ಇರಲಿ, ಮಂಜು ಕಡಿಮೆ ಬಿದ್ದಿದ್ದರೂ ಸರಿ.